ಮನೆಯ ಪುಟ್ಟ ಗಾಳಿಯಂತ್ರ: ರೆಕ್ಕೆಗಿಂತ ಕಂಬದ ಕೆಲಸವೇ ಜಾಸ್ತಿ

ಗಾಳಿಯಂತ್ರ ಹಾಕಿದ್ದೀನಿ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: 'ಎಷ್ಟು ವಾಟಿನದು?' ಕೊಳ್ಳುವಾಗ ನಾನು ಡಬ್ಬದ ಮೇಲಿನ ವಾಟ್‌ಗೆ ಬೆಲೆ ಕೊಡಲಿಲ್ಲ. ಆ ಅಂಕಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 11-12 ಮೀಟರ್ ವೇಗದ ಗಾಳಿಗೆ ಹೇಳಿರುತ್ತಾರೆ. ಆ ಗಾಳಿಯಲ್ಲಿ ಕೊಡೆ ಹಿಡಿದು ನಡೆಯೋದೇ ಕಷ್ಟ. ದಿನಾ ಹಾಗೆ ಬೀಸುತ್ತಾ?

ನಾನು ನೋಡಿದ್ದು ರೆಕ್ಕೆಗಳು ಸುತ್ತುವ ವೃತ್ತದ ಅಗಲ. ನನ್ನದು 1.2 ಮೀಟರ್ ವ್ಯಾಸದ್ದು, ಅಂದರೆ ಸುಮಾರು 1.13 ಚದರ ಮೀಟರ್. ಸೆಕೆಂಡಿಗೆ 4 ಮೀಟರ್ ಗಾಳಿ ಬೀಸಿದರೆ ಅಷ್ಟು ಜಾಗದಲ್ಲಿ ಹಾದುಹೋಗುವ ಶಕ್ತಿ 44 ವಾಟ್ ಮಾತ್ರ. ಅದರಲ್ಲಿ ಶೇ. 59.3ಕ್ಕಿಂತ ಹೆಚ್ಚು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಇದಕ್ಕೆ ಬೆಟ್ಜ್ ಮಿತಿ ಅನ್ನುತ್ತಾರೆ. ಸಣ್ಣ ಯಂತ್ರಗಳಿಗೆ ಕಾಲು ಭಾಗ ಸಿಕ್ಕರೆ ಪುಣ್ಯ. ಲೆಕ್ಕ ಹಾಕಿದರೆ 11 ವಾಟ್! ಅದೇ ಗಾಳಿ 8 ಮೀಟರ್‌ಗೆ ಏರಿದರೆ 88 ವಾಟ್. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಎತ್ತರಕ್ಕೆ ಹೋದಷ್ಟೂ ಗಾಳಿ ಜೋರು, ಹಾಗಾಗಿ ಯಂತ್ರಕ್ಕೆ ಸುರಿಯುವ ದುಡ್ಡನ್ನು ಕಂಬಕ್ಕೆ ಸುರಿಯುವುದು ಜಾಣತನ.

ಮನೆಯ ತಾರಸಿ ಮೇಲೆ ನಿಲ್ಲಿಸಬಹುದಿತ್ತಲ್ಲ ಅಂತ ಕೇಳುವವರು ಇದ್ದಾರೆ. ಗೋಡೆಗೆ ಬಡಿದ ಗಾಳಿ ತಾರಸಿ ಮೇಲೆ ಸುಳಿ ಸುತ್ತುತ್ತದೆ. ಯಂತ್ರ ಅತ್ತ ಇತ್ತ ಮುಖ ತಿರುಗಿಸುತ್ತಾ ಕೂರುತ್ತದೆಯೇ ಹೊರತು ಬ್ಯಾಟರಿ ಚಾರ್ಜ್ ಮಾಡುವುದಿಲ್ಲ. ಮೇಲಾಗಿ ಅದರ ಗುಂಯ್ ಸದ್ದು ಗೋಡೆಯೊಳಗೆ ಇಳಿದು ಮಲಗುವ ಕೋಣೆಗೂ ಬರುತ್ತದೆ. ಸುತ್ತ 100 ಮೀಟರ್ ದೂರದೊಳಗಿರುವ ಮರ, ಮನೆಗಳಿಗಿಂತ ರೆಕ್ಕೆಯ ಕೆಳತುದಿ 10 ಮೀಟರ್ ಮೇಲಿರಬೇಕು ಅನ್ನುವುದು ಹಳೆಯ ನಿಯಮ. ನಾನು ಮರಗಳಿಲ್ಲದ ಬಯಲಿನ ತುದಿಯಲ್ಲಿ 12 ಮೀಟರ್ ಕಬ್ಬಿಣದ ಪೈಪ್ ನಿಲ್ಲಿಸಿದೆ.

ಹತ್ತಿ ರಿಪೇರಿ ಮಾಡುವ ಕಂಬ ನನಗೆ ಬೇಡವಾಗಿತ್ತು. ಬುಡದಲ್ಲಿ ಹಿಂಜ್ ಇಟ್ಟು, ಮಲಗಿಸಿ ಎತ್ತುವ ಹಾಗೆ ಮಾಡಿಕೊಂಡೆ. ಕಂಬವನ್ನು ಎಳೆದು ಹಿಡಿಯಲು ನಾಲ್ಕು ದಿಕ್ಕಿಗೆ ಸ್ಟೇ ವೈರ್, ಅವನ್ನು ಕಟ್ಟಲು ನೆಲದಲ್ಲಿ ಆಂಕರ್. ಎಡಬಲದ ಎರಡು ಆಂಕರ್‌ಗಳು ಹಿಂಜಿನ ಗೆರೆಯಲ್ಲೇ, ಅದೇ ಮಟ್ಟದಲ್ಲಿ ಇರಬೇಕು. ಆಗ ಕಂಬ ಏಳುವಾಗ ಆ ತಂತಿಗಳು ಬಿಗಿಯೂ ಆಗುವುದಿಲ್ಲ, ಸಡಿಲವೂ ಆಗುವುದಿಲ್ಲ. ಆಂಕರ್ ಒಂದು ಗೇಣು ಆಚೀಚೆ ಆದರೂ ಅರ್ಧ ಎತ್ತುವಷ್ಟರಲ್ಲಿ ಒಂದು ಬದಿ ಎಳೆಯಲು ಶುರುವಾಗುತ್ತದೆ. ಮೊದಲು ಯಂತ್ರ ಇಲ್ಲದೆ ಖಾಲಿ ಕಂಬ ಎತ್ತಿ, ತೂಗುಗುಂಡಿನಿಂದ ನೇರ ನೋಡಿ, ಇಳಿಸಿ, ಆಮೇಲೆ ಯಂತ್ರ ಕೂರಿಸಿದೆ. ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು) ಬಿಗಿದ ಮೇಲೆ ಅದರ ಮಧ್ಯೆ ಒಂದು ತಂತಿ ತೂರಿಸಿ ಕಟ್ಟಲೇಬೇಕು. ಇಲ್ಲದಿದ್ದರೆ ಕಂಬದ ನಡುಕಕ್ಕೆ ಅದು ತಾನೇ ಬಿಚ್ಚಿಕೊಳ್ಳುತ್ತದೆ.

ಮೇಲೆತ್ತುವ ಮೊದಲು ಮಾಡಬೇಕಾದ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಯಂತ್ರದಿಂದ ಮೂರು ವೈರ್ ಬರುತ್ತವೆ, ಮೂರು ಫೇಸ್. ಬಿಡಿಯಾಗಿ ಇಟ್ಟು ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತುತ್ತದೆ. ಮೂರನ್ನೂ ಸೇರಿಸಿ ಹಿಡಿದು ತಿರುಗಿಸಿದರೆ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ ಕೈಗೆ ಬಿಗಿ ಸಿಗುತ್ತದೆ. ಬಿಗಿ ಸುತ್ತೆಲ್ಲಾ ಒಂದೇ ಸಮ ಇದ್ದರೆ ಸರಿ. ತಡೆದು ತಡೆದು ತಿರುಗಿದರೆ ಒಂದು ಫೇಸಿನಲ್ಲಿ ತೊಂದರೆ ಇದೆ ಅಂತಲೇ ಅರ್ಥ. ಇದೇ ಗುಣವನ್ನು ಬ್ರೇಕ್ ಆಗಿಯೂ ಬಳಸಿಕೊಂಡಿದ್ದೇನೆ. ಕೆಳಗೊಂದು ಸ್ವಿಚ್, ಒತ್ತಿದರೆ ಮೂರೂ ವೈರ್ ಶಾರ್ಟ್. ಜೋರು ಗಾಳಿಯಲ್ಲಿ ಒತ್ತಿದರೆ ಒಳಗಿನ ಸುರುಳಿ ಸುಡಬಹುದು, ಅದಕ್ಕೇ ಗಾಳಿ ತಗ್ಗಿದಾಗಲೇ ಒತ್ತುತ್ತೇನೆ.

ಕಂಬದಿಂದ ಬ್ಯಾಟರಿಗೆ 30 ಮೀಟರ್ ದೂರ. 12 ವೋಲ್ಟಿನಲ್ಲಿ 10 ಆಂಪಿಯರ್ ಡಿಸಿ ಕಳಿಸಿದರೆ 4 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲೂ ಹೋಗಿ ಬರುವುದರಲ್ಲಿ ಸುಮಾರು 2.6 ವೋಲ್ಟ್ ಮಾಯ. ಹಾಗಾಗಿ ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಸೇರಿಸಿ 24 ವೋಲ್ಟ್ ಮಾಡಿದೆ. ಕರೆಂಟ್ ಅರ್ಧ, ನಷ್ಟ ಕಾಲು ಭಾಗ. ಮೂರು ಫೇಸ್ ಎಸಿಯನ್ನೇ ಬ್ಯಾಟರಿ ತನಕ ತಂದು, ಅಲ್ಲಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿದ್ದೇನೆ. ಬ್ಯಾಟರಿಯ ಪ್ಲಸ್ ತುದಿಗೆ ತೀರಾ ಹತ್ತಿರ ಒಂದು ಫ್ಯೂಸ್.

ಬ್ಯಾಟರಿ ತುಂಬಿದ ಮೇಲೆ ಕರೆಂಟ್ ಎಲ್ಲಿಗೆ ಹೋಗಬೇಕು? ಸೋಲಾರ್ ಮಾಡಿ ರೂಢಿ ಇರುವವರು ಇದನ್ನು ಕೇಳಿಕೊಳ್ಳುವುದೇ ಇಲ್ಲ. ಸೋಲಾರ್ ಕಂಟ್ರೋಲರ್ ಪ್ಯಾನೆಲ್ ಸಂಪರ್ಕ ಕಡಿದು ಸುಮ್ನೆ ಕೂರುತ್ತದೆ, ಪ್ಯಾನೆಲ್‌ಗೆ ಏನೂ ಆಗುವುದಿಲ್ಲ. ಗಾಳಿಯಂತ್ರದ ಹೊರೆ ತೆಗೆದರೆ ಅದು ಲಂಗುಲಗಾಮಿಲ್ಲದೆ ಸುತ್ತುತ್ತದೆ, ವೋಲ್ಟೇಜ್ ಏರಿ ರೆಕ್ಟಿಫೈಯರ್ ಹೋಗುತ್ತದೆ, ರೆಕ್ಕೆ ಮುರಿದರೂ ಮುರಿಯಬಹುದು. ಅದಕ್ಕೇ ಹೆಚ್ಚಾದದ್ದನ್ನು ಡಂಪ್ ಲೋಡ್‌ಗೆ, ಅಂದರೆ ಕರೆಂಟನ್ನು ಬಿಸಿಯಾಗಿ ಕಳೆಯುವ ರೆಸಿಸ್ಟರ್‌ಗಳಿಗೆ, ತಿರುಗಿಸುವ ಕಂಟ್ರೋಲರ್ ಬೇಕು. ನನ್ನ ಯಂತ್ರ ಜೋರು ಗಾಳಿಗೆ 300 ವಾಟ್ ಕೊಡಬಹುದು. ತಲಾ 1 ಓಮ್‌ನ, 300 ವಾಟ್ ತಡೆಯುವ ಎರಡು ರೆಸಿಸ್ಟರ್ ಸರಣಿಯಲ್ಲಿ ಹಾಕಿದೆ. 28.8 ವೋಲ್ಟಿಗೆ 14.4 ಆಂಪಿಯರ್, ಅಂದರೆ ಸುಮಾರು 415 ವಾಟ್ ನುಂಗುತ್ತವೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತವೆ, ಹಾಗಾಗಿ ಮರ, ಪ್ಲಾಸ್ಟಿಕ್ ಹತ್ತಿರ ಇಡಬಾರದು. ಬ್ಯಾಟರಿಯಿಂದಲೂ ದೂರ ಇರಬೇಕು, ಲೆಡ್ ಆಸಿಡ್ ಬ್ಯಾಟರಿ ತುಂಬುವಾಗ ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಲಿಥಿಯಂ ಹಾಕುವವರಿಗೆ ಒಂದು ಮಾತು: ಅದರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಹೇಳದೆ ಕೇಳದೆ ಸಂಪರ್ಕ ಕಡಿಯಬಲ್ಲದು. ಆಗಲೂ ಡಂಪ್ ಲೋಡ್ ಕೆಲಸ ಮಾಡುವ ಹಾಗೆ ಜೋಡಣೆ ಇರಲಿ.

ಕಂಟ್ರೋಲರ್‌ಗೆ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಬ್ರೇಕ್ ಹಾಕಿಟ್ಟ ಯಂತ್ರ.

ಇಷ್ಟೆಲ್ಲಾ ಮಾಡಿ ಏನು ಸಿಕ್ಕಿತು? ಮನೆಯೆಲ್ಲಾ ಇದರಲ್ಲೇ ನಡೆಯುವುದಿಲ್ಲ. ಎಲ್‌ಇಡಿ ದೀಪ, ಫೋನು, ಇಂಟರ್ನೆಟ್ ರೂಟರ್ ನಡೆಯುತ್ತವೆ. ಮೋಡ ಕವಿದ ದಿನ, ರಾತ್ರಿ ಹೊತ್ತು ಸೋಲಾರ್ ಕೈಕೊಟ್ಟಾಗ ಇದು ಕೈಹಿಡಿಯುತ್ತದೆ. ಬಿಸಿಲಷ್ಟೇ ಇದ್ದು ಗಾಳಿ ಇಲ್ಲದ ಜಾಗದವರು ಇನ್ನೊಂದು ಪ್ಯಾನೆಲ್ ಕೊಳ್ಳುವುದೇ ಲೇಸು, ಖರ್ಚೂ ಕಮ್ಮಿ.

ಜೋರು ಗಾಳಿಯ ಕಾಲಕ್ಕೆ ಮುಂಚೆ ಕಂಬ ಮಲಗಿಸುತ್ತೇನೆ. ಬೋಲ್ಟ್ ಬಿಗಿ, ಬೇರಿಂಗ್ ಸದ್ದು, ಯಂತ್ರವನ್ನು ಗಾಳಿಗೆ ಮುಖ ಮಾಡಿಸುವ ಬಾಲದ ಕೀಲು ನೋಡುತ್ತೇನೆ. ಪೈಪಿನೊಳಗೆ ತಿರುಚಿಕೊಂಡ ಕೇಬಲ್ಲನ್ನು ಕೆಳಗಿನ ಪ್ಲಗ್ ತೆಗೆದು ಬಿಡಿಸುತ್ತೇನೆ. ರೆಕ್ಕೆಯ ಮುಂಚೂಣಿ ಅಂಚಿನ ಟೇಪ್ ಎದ್ದಿದ್ದರೆ ಮೂರೂ ರೆಕ್ಕೆಗೆ ಒಟ್ಟಿಗೇ ಹೊಸದು ಅಂಟಿಸುತ್ತೇನೆ. ಒಂದಕ್ಕೆ ಮಾತ್ರ ಅಂಟಿಸಿದರೆ ತೂಕ ತಪ್ಪಿ ಕಂಬವೆಲ್ಲಾ ನಡುಗುತ್ತದೆ.