ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಪೆಡಲ್ ಮೆತ್ತಗಾದರೆ ದೋಷ ಹುಡುಕುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಎರಡು ಸೀಟಿನ ಕಾರನ್ನು ಜತನದಿಂದ ಇಟ್ಟುಕೊಂಡವರು ಮಳೆಗಾಲದಲ್ಲಿ ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಖಂಡೇಪೂಜೆಯ ಹೊತ್ತಿಗೆ ಹೊರತೆಗೆಯುವುದುಂಟು. ಬ್ರೇಕ್ ಪೆಡಲ್ ಮೆತ್ತಗಾಗಿರುವುದು ಗೊತ್ತಾಗುವುದು ಆಗಲೇ. ಗ್ಯಾರೇಜಿನಲ್ಲಿ ಮೊದಲು ಬ್ರೇಕ್ ಪೈಪಿನೊಳಗೆ ಸೇರಿದ ಹವಾ ತೆಗೆಯುತ್ತಾರೆ, ಅದರಿಂದ ಸರಿಹೋಗದಿದ್ದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನೇ ಬದಲಾಯಿಸುತ್ತಾರೆ. ಆದರೆ ಬಿಡಿಭಾಗಗಳು ಸುಲಭವಾಗಿ ಸಿಗದ ಕಾರಿನಲ್ಲಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಪೆಡಲ್ ಯಾವ ರೀತಿಯಲ್ಲಿ ಮೆತ್ತಗಾಗಿದೆ ಎಂಬುದನ್ನು ಗಮನಿಸಬೇಕು. ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲಿಯೇ ಇರುತ್ತದೆ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡೆ ಕೊಟ್ಟು, ಎಂಜಿನ್ ಬಂದ್ ಮಾಡಿ, ಪೆಡಲನ್ನು ಹದವಾಗಿ ಒತ್ತಿ ಸುಮಾರು 30 ಸೆಕೆಂಡು ಹಾಗೆಯೇ ಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಎಲ್ಲೋ ಬ್ರೇಕ್ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದು ಆಯಿಲ್ ಹಿಂದಕ್ಕೆ ನುಸುಳುತ್ತಿದೆ ಎಂದರ್ಥ. ಹೀಗಾದಾಗ ನಾಲ್ಕೂ ಗಾಲಿಗಳ ಒಳಬದಿ, ಪೈಪುಗಳ ಜೋಡಣೆ ಮತ್ತು ಪೆಡಲಿನ ಕೆಳಗಿನ ಮ್ಯಾಟನ್ನು ಬೆರಳಿನಿಂದ ಮುಟ್ಟಿ ನೋಡಿ. ಎಲ್ಲಿಯೂ ಒದ್ದೆಯಿಲ್ಲದೆ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಮಟ್ಟವೂ ಇಳಿಯದೆ ಪೆಡಲ್ ಮಾತ್ರ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಮೇಲೆ ಅನುಮಾನ ಪಡಬಹುದು. ಮಟ್ಟ ಇಳಿಯುತ್ತಿದ್ದೂ ಹೊರಗೆ ಸೋರಿಕೆ ಕಾಣದಿದ್ದರೆ ಆಯಿಲ್, ಪೆಡಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನೊಳಗೆ ಹೋಗುತ್ತಿರುವ ಸಾಧ್ಯತೆ ಇದೆ.

ಪೆಡಲ್ ಕೆಳಗಿಳಿಯದೆ, ಹವಾ ಕಡಿಮೆಯಾದ ಚೆಂಡನ್ನು ಒತ್ತಿದಂತೆ ಪುಟಿಯುತ್ತಿದ್ದರೆ, ನಾಲ್ಕೈದು ಸಲ ಬೇಗ ಬೇಗನೆ ಒತ್ತಿದಾಗ ಮೇಲೆದ್ದು ಗಟ್ಟಿಯಾದರೆ, ಪೈಪಿನಲ್ಲಿ ಹವಾ ಸೇರಿರಬಹುದು. ಆದರೆ ಹಿಂದಿನ ಡ್ರಮ್ಮಿಗೆ ಒಳಗಿನಿಂದ ಒತ್ತುವ ಲೈನರ್ ದೂರ ಸರಿದಾಗಲೂ ಪೆಡಲ್ ಹೀಗೆಯೇ ಒತ್ತಿದಷ್ಟೂ ಮೇಲೇಳುತ್ತದೆ, ಹಲವರು ಮೋಸಹೋಗುವುದು ಇಲ್ಲಿಯೇ. 1962ರಿಂದ 1980ರವರೆಗೆ ಬ್ರಿಟನ್ನಿನಲ್ಲಿ ತಯಾರಾದ ಎಂಜಿಬಿಯಂಥ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಡ್ರಮ್ಮನ್ನು ಆಗಾಗ ಕೈಯಿಂದಲೇ ಹೊಂದಿಸಬೇಕು. ದೋಷ ಹವಾದ್ದೋ ಡ್ರಮ್ಮಿನದೋ ಎಂದು ತಿಳಿಯಲು ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆದು ಮತ್ತೆ ಪೆಡಲ್ ಒತ್ತಿ. ಪೆಡಲ್ ಗಣನೀಯವಾಗಿ ಎತ್ತರದಲ್ಲಿಯೇ ನಿಂತರೆ ಹವಾ ತೆಗೆಯುವ ಕೆಲಸ ಬೇಡ. ಹಿಂದಿನ ಗಾಲಿಯನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಅಡ್ಜಸ್ಟರನ್ನು ಗಾಲಿ ತಿರುಗದಂತಾಗುವವರೆಗೆ ಬಿಗಿಮಾಡಿ, ಗಾಲಿ ಸರಾಗವಾಗಿ ತಿರುಗುವಷ್ಟು ಮಾತ್ರ ಸಡಿಲಿಸಿದರೆ ಸಾಕು.

ಎಂಜಿನ್ ಚಾಲೂ ಮಾಡಿದ ಕೂಡಲೇ ಪೆಡಲ್ ಸ್ವಲ್ಪ ಕೆಳಗಿಳಿಯುವುದು ಬೂಸ್ಟರ್ ಇರುವ ಕಾರಿನಲ್ಲಿ ಸಹಜ. ಅದನ್ನು ದೋಷವೆಂದು ತಿಳಿಯಬಾರದು.

ಇಷ್ಟಾದ ಮೇಲೂ ಮೂಲ ಸಿಗದಿದ್ದರೆ ರಬ್ಬರ್ ಹೋಸುಗಳನ್ನು ನುಣುಪಾದ ಬಾಯಿಯ ಹೋಸ್ ಕ್ಲಾಂಪಿನಿಂದ ಒತ್ತಿ ಮುಚ್ಚಬೇಕು. ಎಲ್ಲವನ್ನೂ ಮುಚ್ಚಿದಾಗ ಪೆಡಲ್ ಕಲ್ಲಿನಷ್ಟು ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್ ಸುಸ್ಥಿತಿಯಲ್ಲಿದೆ. ಬಳಿಕ ಒಂದೊಂದೇ ಕ್ಲಾಂಪನ್ನು ಬಿಚ್ಚುತ್ತ ಬನ್ನಿ. ಯಾವುದನ್ನು ಬಿಚ್ಚಿದಾಗ ಪೆಡಲ್ ಮೆತ್ತಗಾಗುತ್ತದೆಯೋ ದೋಷ ಆ ಕಡೆಗಿದೆ. ಬಿರುಕುಬಿಟ್ಟ ಹೋಸಿಗಾಗಲಿ ಉಕ್ಕಿನ ಹೆಣಿಗೆಯ ಹೋಸಿಗಾಗಲಿ ಕ್ಲಾಂಪ್ ಹಾಕಬಾರದು. ಬಿರುಕುಬಿಟ್ಟದ್ದನ್ನು ನೇರವಾಗಿ ಬದಲಾಯಿಸುವುದೇ ಲೇಸು, ಏಕೆಂದರೆ ಹಳತಾದ ರಬ್ಬರ್ ಒತ್ತಡಕ್ಕೆ ಉಬ್ಬಿ ತಾನೇ ಪೆಡಲನ್ನು ಮೆತ್ತಗಾಗಿಸುತ್ತದೆ. ಮುಂದಿನ ಡಿಸ್ಕುಗಳನ್ನು ಹಿಡಿಯುವ ಕ್ಯಾಲಿಪರುಗಳನ್ನು ಇತ್ತೀಚೆಗೆ ಬಿಚ್ಚಿ ಕೂರಿಸಿದ್ದರೆ ಹವಾ ತೆಗೆಯುವ ನಿಪ್ಪಲ್ ಮೇಲ್ಭಾಗದಲ್ಲಿದೆಯೇ ಎಂದು ತಪ್ಪದೆ ನೋಡಿ. ಎಡ-ಬಲ ಅದಲುಬದಲಾಗಿ ನಿಪ್ಪಲ್ ಕೆಳಕ್ಕೆ ಬಂದರೆ ಎಷ್ಟು ಆಯಿಲ್ ಸುರಿದರೂ ಮೇಲೆ ಸಿಕ್ಕಿಕೊಂಡ ಹವಾ ಹೊರಬರುವುದಿಲ್ಲ. ತಿರುವು ದಾಟಿದ ನಂತರದ ಮೊದಲ ಒತ್ತಿನಲ್ಲಿ ಮಾತ್ರ ಪೆಡಲ್ ಆಳಕ್ಕೆ ಹೋಗುತ್ತಿದ್ದರೆ ಗಾಲಿಯ ಬೇರಿಂಗ್ ಸಡಿಲಾಗಿದೆಯೇ ಎಂದು ಪರೀಕ್ಷಿಸಿ.

ನಿಂತಲ್ಲಿ ಸರಿಯಿದ್ದು ಘಟ್ಟದಲ್ಲಿ ಕೈಕೊಡುವ ಪೆಡಲಿಗೆ ಬ್ರೇಕ್ ಆಯಿಲ್ ಕಾರಣವಾಗಿರಬಹುದು. ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೂ, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಬ್ರೇಕನ್ನು ಒತ್ತಿಕೊಂಡೇ ಹೋದರೆ ಕಾವು ಏರಿ ಆಯಿಲ್ ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಾಯಿಸಬೇಕು.

ಹವಾ ತೆಗೆಯುವಾಗ ಕಾರಿನ ಕೈಪಿಡಿಯ ಕ್ರಮ ಅನುಸರಿಸಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿ ಮೊದಲು ಬರುತ್ತದೆ. ಪೆಡಲಿನ ಕೆಳಗೆ ಕಟ್ಟಿಗೆಯ ತುಂಡು ಇಟ್ಟುಕೊಳ್ಳಿ. ಹಳೆಯ ಸಿಲಿಂಡರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿದರೆ, ಎಂದೂ ಬಳಕೆಯಾಗದೆ ತುಕ್ಕು ಹಿಡಿದ ಭಾಗಕ್ಕೆ ರಬ್ಬರ್ ಉಜ್ಜಿ ಹರಿಯುತ್ತದೆ. ಡಬ್ಬಿ ಖಾಲಿಯಾಗಲು ಬಿಡಬೇಡಿ, ಹೊರಬಂದ ಆಯಿಲನ್ನು ಮತ್ತೆ ಸುರಿಯಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ.

ಕೆಲಸ ಮುಗಿದ ಮೇಲೆ 30 ಸೆಕೆಂಡಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಸಂಚಾರವಿಲ್ಲದ ಸಪಾಟು ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿ. ಆ ಕಾಲದ ಅನೇಕ ಕಾರುಗಳಲ್ಲಿ ನಾಲ್ಕೂ ಗಾಲಿಗಳಿಗೆ ಆಯಿಲ್ ಹರಿಯುವ ಸರ್ಕ್ಯೂಟ್ ಒಂದೇ ಇರುವುದರಿಂದ ಒಂದು ಕಡೆ ಸೋರಿದರೂ ಇಡೀ ಬ್ರೇಕ್ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಕೆಲಸ ಮಾಡುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡೇ ಶೆಡ್ಡಿನಿಂದ ಹೊರಡಿ.