ಕಲಿಯೋ ಮನಸ್ಸಿಲ್ಲ ಅನ್ನುವ ಮುಂಚೆ: ಫಾಲ್ ಹಾಕುವವರಿಗೆ ಬ್ಲೌಸ್ ಕಟಿಂಗ್ ಕಲಿಸುವುದು ಹೇಗೆ

ಹೊಲಿಗೆ ಕಲಿಸುವ ನಾವೆಲ್ಲ ಒಂದು ಮಾತನ್ನು ಸಲೀಸಾಗಿ ಆಡುತ್ತೇವೆ: "ಅವಳಿಗೆ ಇಂಟರೆಸ್ಟೇ ಇಲ್ಲ." ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಇಷ್ಟರಲ್ಲೇ ವರ್ಷಗಟ್ಟಲೆ ಇದ್ದುಬಿಟ್ಟ ಹೆಂಗಸಿನ ಬಗ್ಗೆ ಈ ಮಾತು. ಆಕೆಯ ಜೊತೆಗೇ ಮಿಷನ್ ತುಳಿಯಲು ಕಲಿತವರು ಇವತ್ತು ಪ್ರಿನ್ಸೆಸ್ ಕಟ್‌ನಂಥ ಕಷ್ಟದ ಬ್ಲೌಸ್ ಹೊಲಿಯುತ್ತಾರೆ. ಆಕೆ ಮಾತ್ರ ಬ್ಲೌಸ್ ಪೀಸಿಗೆ ಕತ್ತರಿ ಹಾಕುವುದಿಲ್ಲ. ಯಾಕೆ? ತಪ್ಪಾದರೆ ದುಡ್ಡು ಯಾರು ಕೊಡಬೇಕು ಅನ್ನುವುದೇ ಇದರಲ್ಲಿ ದೊಡ್ಡ ಪ್ರಶ್ನೆ ಅಂತ ನಾನು ನಂಬಿದ್ದೇನೆ.

ಫಾಲ್ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಬಹುದು. ರೇಷ್ಮೆ ಸೀರೆಯಲ್ಲೇ ಸೇರಿ ಬರುವ ರನ್ನಿಂಗ್ ಬ್ಲೌಸ್ ಪೀಸಿನಲ್ಲಿ ಕುತ್ತಿಗೆ ಒಂದು ಇಂಚು ಜಾಸ್ತಿ ಕತ್ತರಿಸಿದರೆ ಮುಗಿಯಿತು. ಅದೇ ಬಣ್ಣ, ಅದೇ ಬಾರ್ಡರ್ ಮತ್ತೆ ಎಲ್ಲಿಂದ ತರುವುದು? ಮನೆಯಲ್ಲಿ ಇನ್ನೊಂದು ಸಂಬಳ ಇರುವವರು ಆ ನಷ್ಟ ತಡೆದುಕೊಳ್ಳುತ್ತಾರೆ. ಫಾಲ್ ದುಡ್ಡಿನಲ್ಲೇ ಗ್ಯಾಸ್ ತರಿಸುವವರು ಲೆಕ್ಕ ಹಾಕಿಯೇ ಹಿಂದೆ ಸರಿದಿರುತ್ತಾರೆ.

ಅದಕ್ಕೇ ಮೊದಲು ಸಮಯ ನೋಡಿ ಕರೆಯಿರಿ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ, ಕಟಾವಿನ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ಇದನ್ನು ಓದಿದಾಗ ನನಗೆ ನಮ್ಮ ಜೂನ್ ತಿಂಗಳು ನೆನಪಾಯಿತು. ಫೀಸು, ನೋಟ್‌ಬುಕ್ಕು, ಯೂನಿಫಾರ್ಮ್ ಎಲ್ಲ ಒಟ್ಟಿಗೆ ಬರುವ ತಿಂಗಳು. ಆಗ ಕಟಿಂಗ್ ಶುರು ಮಾಡಬೇಡಿ. ವರಮಹಾಲಕ್ಷ್ಮಿ ಹಬ್ಬದ ಮುಂಚೆಯೂ ಬೇಡ, ಕೈತುಂಬಾ ಫಾಲ್ ಇರುತ್ತದೆ. ಧನುರ್ಮಾಸ ಒಳ್ಳೆಯದು. ಮದುವೆ ಇರುವುದಿಲ್ಲ, ಕಾರ್ತಿಕದ ಕೆಲಸದ ದುಡ್ಡು ಇನ್ನೂ ಸ್ವಲ್ಪ ಕೈಯಲ್ಲಿರುತ್ತದೆ. ಬೆಳಿಗ್ಗೆ 11ರಿಂದ 1 ಗಂಟೆ ಇಟ್ಟರೆ ಬರುವವರು ಜಾಸ್ತಿ.

ಇನ್ನು ಕಲಿಸುವುದು. ಆಕೆಗೆ ಸರಿಯಾಗಿ ಕೂರುವ ಆಕೆಯದೇ ಒಂದು ಬ್ಲೌಸ್ ತರಲು ಹೇಳಿ. ಅದನ್ನಿಟ್ಟು ಹಳೆಯ ಪೇಪರಿನ ಮೇಲೆ ಗುರುತು ಹಾಕಿಸಿ, ಕತ್ತರಿಸಲು ಬಿಡಿ. ಪೇಪರ್ ಎಷ್ಟು ಹಾಳಾದರೂ ಹೊಟ್ಟೆ ಉರಿಯುವುದಿಲ್ಲ, ಅಲ್ವಾ? ಆಮೇಲೆ ಉಟ್ಟು ಹಳತಾದ ಕಾಟನ್ ಸೀರೆಯಲ್ಲಿ ಬ್ಲೌಸ್ ಕತ್ತರಿಸಿ ಹೊಲಿಯಲಿ. ಆ ಬ್ಲೌಸನ್ನು ಆಕೆ ಹಾಕಿಕೊಂಡೇ ಕ್ಲಾಸಿಗೆ ಬರಲಿ. ತೋಳು ಎತ್ತಿದಾಗ ಎಲ್ಲಿ ಹಿಡಿಯುತ್ತದೆ, ಭುಜ ಎಲ್ಲಿ ಜಾರುತ್ತದೆ ಅಂತ ಆಕೆಯ ಮೈಗೇ ಗೊತ್ತಾಗುತ್ತದೆ.

ಈಗ ತಪ್ಪನ್ನು ಅಗ್ಗ ಮಾಡುವ ಉಪಾಯಗಳನ್ನು ಹೇಳಿಕೊಡಿ. ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೇ ಬಿಡಲಿ. ಬಿಗಿಯಾದರೆ ಬಿಚ್ಚಬಹುದು. ಕುತ್ತಿಗೆಯನ್ನು ಮೊದಲು ಅರ್ಧ ಇಂಚು ಕಡಿಮೆಯೇ ಕತ್ತರಿಸಲಿ. ಆಮೇಲೆ ಇಳಿಸಬಹುದು, ಏರಿಸಲು ಆಗುವುದಿಲ್ಲ. ಒಳ್ಳೆಯ ಬಟ್ಟೆಯಾದರೆ ಮೊದಲು ಲೈನಿಂಗ್ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ತಿದ್ದಲಿ. ಮೇಲಿನ ಬಟ್ಟೆಗೆ ಕತ್ತರಿ ಕೊನೆಗೆ. ಎಷ್ಟೋ ಕ್ಲಾಸುಗಳಲ್ಲಿ ಇದನ್ನೆಲ್ಲ ಹೇಳುವುದೇ ಇಲ್ಲ. ನನಗೆ ಇದು ಕಟಿಂಗ್‌ನಷ್ಟೇ ಮುಖ್ಯ.

ನಾಲ್ಕು ಜನರ ಮುಂದೆ ಆಕೆಯ ತಪ್ಪನ್ನು ಎತ್ತಿ ಹಿಡಿಯಬೇಡಿ. ಅವಮಾನವೂ ನಷ್ಟವೇ. ನಿಮ್ಮ ಕೆಲಸ ತೋರಿಸುವುದಕ್ಕಿಂತ ಕಳೆದ ಬ್ಯಾಚಿನಲ್ಲಿ ಕಲಿತವರನ್ನು ಪಕ್ಕದಲ್ಲಿ ಕೂರಿಸಿ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಇದನ್ನು ಬರೆದಿದ್ದರು. ನನ್ನ ಕೈಲಿ ಆಗುತ್ತದೆ ಅನ್ನುವ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ತಾನೇ ಮಾಡಿ ಗೆದ್ದಾಗ. ತನ್ನಂಥವರು ಮಾಡಿದ್ದನ್ನು ಕಂಡರೂ ಬರುತ್ತದೆ. ಸುಮ್ನೆ ಬಾಯಲ್ಲಿ "ನಿನ್ನ ಕೈಲಿ ಆಗುತ್ತೆ" ಅಂದರೆ ಅಷ್ಟು ನಿಲ್ಲುವುದಿಲ್ಲ.

ಕಲಿಯಲು ಹೋದರೆ ಆ ದಿನದ ಕೂಲಿ ಹೋಗುತ್ತದೆ ಅನ್ನುವವರಿಗೆ ಪಿಎಂ ವಿಶ್ವಕರ್ಮ ಯೋಜನೆ ಬಗ್ಗೆ ತಿಳಿಸಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಇದರ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ. ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ಸಿಗುತ್ತದೆ.

ಇಷ್ಟಾದರೂ ಕೆಲವರು ಬರುವುದಿಲ್ಲ. ಅವರನ್ನು ಬಿಡುವ ಮುಂಚೆ ಒಂದು ಮಾತು ಕೇಳಿ: "ಬಟ್ಟೆ ಹಾಳಾದ್ರೆ ದುಡ್ಡು ನಾನು ಕೊಡ್ತೀನಮ್ಮಾ, ಆಗ್ಲೂ ಬೇಡ್ವಾ?" ಆಗಲೂ ಬೇಡ ಅಂದರೆ ನಿಜವಾಗಿಯೂ ಬೇಡ ಅಂತ ಅರ್ಥ. ಆಕೆಗೆ ಕುಚ್ಚಿನಲ್ಲೇ ಹೊಸ ಡಿಸೈನ್ ಕಲಿಯುವ ಆಸೆ ಇರಬಹುದು, ಸಂಜೆ ಭಜನೆ ಮಂಡಳಿಯಲ್ಲಿ ಹಾಡು ಕಲಿಯುತ್ತಿರಬಹುದು. ಅದೂ ಬೆಳವಣಿಗೆಯೇ, ಗೌರವದಿಂದ ಒಪ್ಪಿಕೊಳ್ಳಿ.

ಹೂಂ ಅಂದವರಿಗೆ ಮೊದಲ ಹೊರಗಿನ ಬ್ಲೌಸ್ ನೀವೇ ಆರಿಸಿ ಕೊಡಿ. ಪರಿಚಯದವರದು, ಕಾಟನ್, ಅಳತೆ ಬ್ಲೌಸ್ ಜೊತೆಗಿರಲಿ. ಕೂಲಿ ಮಾತ್ರ ಅರ್ಧ ಬೇಡ. ನಿಮ್ಮ ಅಂಗಡಿಯ ಪೂರ್ತಿ ರೇಟನ್ನೇ ಆಕೆಯ ಕೈಗೆ ಕೊಡಿಸಿ.