ಬಲಗಳು ಸರಿದೂಗಿದರೂ ಚಲನೆ ನಿಲ್ಲದೇಕೆ?

ಸಮತಟ್ಟಾದ ನೆಲದ ಮೇಲೆ ಒಂದೇ ವೇಗದಲ್ಲಿ ನೇರವಾಗಿ ತಳ್ಳಿಸಿಕೊಂಡು ಸಾಗುತ್ತಿರುವ ಪೆಟ್ಟಿಗೆಯ ಮೇಲಿನ ನಿವ್ವಳ ಬಲ, ಅಂದರೆ ಎಲ್ಲ ಬಲಗಳನ್ನು ದಿಕ್ಕಿನ ಸಮೇತ ಕೂಡಿಸಿದಾಗ ಉಳಿಯುವ ಬಲ, ಎಷ್ಟು ಎಂದು ಕೇಳಿದರೆ, ಭೌತಶಾಸ್ತ್ರವನ್ನು ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ‘ಮುಂದಕ್ಕೆ ತುಸು ಹೆಚ್ಚು’ ಎನ್ನುತ್ತಾರೆ. ಸರಿಯಾದ ಉತ್ತರ ಸೊನ್ನೆ. ಅದನ್ನು ಬಾಯಿಪಾಠ ಮಾಡದೆ ತಾವಾಗಿಯೇ ತಲುಪುವ ಕ್ರಮ ಹೀಗಿದೆ.

ಮೊದಲು ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ಇಲ್ಲಿ ಅದು ಪೆಟ್ಟಿಗೆ. ಅದರ ಮೇಲೆ ಬೀಳುವ ಬಲಗಳನ್ನು ಮಾತ್ರ ಬಾಣಗಳಾಗಿ ಬರೆಯಿರಿ: ಕೆಳಕ್ಕೆ ಭೂಮಿಯ ಸೆಳೆತ, ಮೇಲಕ್ಕೆ ನೆಲದ ಒತ್ತು, ಮುಂದಕ್ಕೆ ಕೈಯ ನೂಕು, ಹಿಂದಕ್ಕೆ ಘರ್ಷಣೆ. ಪೆಟ್ಟಿಗೆಯು ಕೈಯ ಮೇಲೆ ಹಾಕುವ ಪ್ರತಿಬಲ ಈ ಚಿತ್ರಕ್ಕೆ ಸೇರದು. ಕ್ರಿಯೆ ಮತ್ತು ಪ್ರತಿಕ್ರಿಯೆ ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುವುದರಿಂದ ಅವು ಒಂದನ್ನೊಂದು ರದ್ದುಗೊಳಿಸಲಾರವು.

ಬಳಿಕ ಬಾಣಗಳನ್ನು ದಿಕ್ಕಿನ ಸಮೇತ ಕೂಡಿಸಿ. ನೂಕು 30 ನ್ಯೂಟನ್, ಘರ್ಷಣೆಯೂ 30 ನ್ಯೂಟನ್ ಆದರೆ ಉಳಿಯುವುದು ಸೊನ್ನೆ. ‘ಹಾಗಾದರೆ ಪೆಟ್ಟಿಗೆ ಚಲಿಸುವುದಾದರೂ ಹೇಗೆ?’ ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಏಳದಿದ್ದರೆ ವಿಷಯ ಇನ್ನೂ ಮನಸ್ಸಿಗೆ ಇಳಿದಿಲ್ಲವೆಂದೇ ನನ್ನ ಎಣಿಕೆ. ಉತ್ತರವಿರುವುದು ಪೆಟ್ಟಿಗೆ ಹೊರಟ ಗಳಿಗೆಯಲ್ಲಿ. ಆಗ 10 ಕಿಲೋಗ್ರಾಂನ ಆ ಪೆಟ್ಟಿಗೆಯನ್ನು 40 ನ್ಯೂಟನ್ ಬಲದಿಂದ ತಳ್ಳಲಾಗಿತ್ತು ಎಂದುಕೊಳ್ಳಿ. ಘರ್ಷಣೆಯನ್ನು ಕಳೆದು ಉಳಿದ 10 ನ್ಯೂಟನ್, ಒಂದೊಂದು ಸೆಕೆಂಡು ಕಳೆದಂತೆ ಅದರ ವೇಗವನ್ನು ಸೆಕೆಂಡಿಗೆ 1 ಮೀಟರಿನಷ್ಟು ಹೆಚ್ಚಿಸುತ್ತದೆ. 2 ಸೆಕೆಂಡಿನ ನಂತರ ನೂಕನ್ನು 30 ನ್ಯೂಟನ್‌ಗೆ ಇಳಿಸಿದರೆ ಹೆಚ್ಚಳ ನಿಲ್ಲುತ್ತದೆ, ಆದರೆ ಅಷ್ಟರಲ್ಲಿ ಗಳಿಸಿದ ಸೆಕೆಂಡಿಗೆ 2 ಮೀಟರ್ ವೇಗ ಹಾಗೆಯೇ ಉಳಿಯುತ್ತದೆ. ನಿವ್ವಳ ಬಲ ಬೇಕಾಗುವುದು ವೇಗವನ್ನು ಬದಲಿಸಲು; ಇರುವ ವೇಗವನ್ನು ಕಾಪಾಡಲು ಅದು ಬೇಕಿಲ್ಲ.

ತಳ್ಳುವುದನ್ನು ಬಿಟ್ಟೊಡನೆ ಪೆಟ್ಟಿಗೆ ನಿಲ್ಲುವುದನ್ನು ಕಂಡ ಮನಸ್ಸು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಚಲನೆಗೆ ಸತತ ಬಲ ಬೇಕೆಂದು ಅರಿಸ್ಟಾಟಲ್‌ನೂ ಭಾವಿಸಿದ್ದ. ಪೆಟ್ಟಿಗೆಯನ್ನು ನಿಲ್ಲಿಸುವುದು ಘರ್ಷಣೆಯೆಂಬ ಬಲ. ಇಳಿಜಾರುಗಳಲ್ಲಿ ಗುಂಡುಗಳನ್ನು ಉರುಳಿಸಿ ನೋಡಿದ ಗೆಲಿಲಿಯೋ, ಅಡ್ಡಿಯೇ ಇಲ್ಲದಿದ್ದರೆ ಗುಂಡು ಉರುಳುತ್ತಲೇ ಇರುವುದೆಂದು ತರ್ಕಿಸಿದ. 1687ರಲ್ಲಿ ನ್ಯೂಟನ್ ಇದನ್ನೇ ತನ್ನ ಮೊದಲ ನಿಯಮವನ್ನಾಗಿ ಪ್ರಕಟಿಸಿದ.

ವೇಗವೆಂದರೆ ದಿಕ್ಕೂ ಸೇರಿದ ಪರಿಮಾಣ ಎಂಬುದನ್ನು ಮರೆಯಬೇಡಿ: ವೃತ್ತದಲ್ಲಿ ಒಂದೇ ಜವದಿಂದ (ದಿಕ್ಕನ್ನು ಲೆಕ್ಕಿಸದ ವೇಗದಿಂದ) ಸುತ್ತುವ ವಸ್ತುವಿನ ದಿಕ್ಕು ಸದಾ ಬದಲಾಗುವುದರಿಂದ ಅದರ ಮೇಲಿನ ಬಲಗಳು ಸಮತೋಲಿತವಲ್ಲ.

ಕೊನೆಗೆ, ಲಿಫ್ಟ್‌ನಲ್ಲಿ ನಿಂತ 50 ಕಿಲೋಗ್ರಾಂ ದ್ರವ್ಯರಾಶಿಯ ವ್ಯಕ್ತಿಗೆ ಇದೇ ಕ್ರಮವನ್ನು ಅನ್ವಯಿಸಿ ನೋಡಿ. ಲಿಫ್ಟ್ ಮೇಲಕ್ಕೆ ಹೊರಡುವಾಗ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) 1 ಮೀಟರ್ ಪ್ರತಿ ಸೆಕೆಂಡ್ ವರ್ಗ ಆಗಿದ್ದರೆ, ಲಿಫ್ಟಿನ ನೆಲ ಅವರನ್ನು 540 ನ್ಯೂಟನ್ ಬಲದಿಂದ ಒತ್ತುತ್ತದೆ. ವೇಗ ಸ್ಥಿರವಾದೊಡನೆ ಆ ಒತ್ತು ಅವರ ತೂಕಕ್ಕೆ ಸಮನಾದ 490 ನ್ಯೂಟನ್‌ಗೆ ಇಳಿಯುತ್ತದೆ, ಮತ್ತು ಲಿಫ್ಟ್ ಸ್ಥಿರ ವೇಗದಲ್ಲಿ ಕೆಳಗಿಳಿಯುವಾಗಲೂ ಅಷ್ಟೇ ಇರುತ್ತದೆ.